ಎಂಜಿನ್ ಹಿಡಿಯದ ಭಾನುವಾರ

ನಮ್ಮ ಕಟ್ಟಡದ ಅಂಗಳದಲ್ಲಿ ಈಗ ನಿಲ್ಲುವ ಕಾರುಗಳಿಗೆ ಸದ್ದೇ ಇಲ್ಲ. ಗುಂಡಿ ಒತ್ತುತ್ತಾರೆ, ಹೋಗುತ್ತಾರೆ. ಆದರೂ ಒಮ್ಮೊಮ್ಮೆ, ನಾನು ಕಾಫಿ ಲೋಟ ಹಿಡಿದು ಪತ್ರಿಕೆ ಬಿಡಿಸುವ ಹೊತ್ತಿಗೆ, ಪಕ್ಕದ ಓಣಿಯಲ್ಲಿ ಯಾರದೋ ಹಳೇ ಗಾಡಿ ಕುಂಯ್ ಕುಂಯ್ ಎಂದು ರಾಗ ತೆಗೆಯುತ್ತದೆ. ಸ್ಟಾರ್ಟರ್ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ. ನನ್ನ ಕಾಲು ತಾನಾಗಿಯೇ ಚಪ್ಪಲಿ ಹುಡುಕತೊಡಗುತ್ತದೆ. ಅಷ್ಟರಲ್ಲಿ ನನ್ನ ಹೆಂಡತಿ ಗಿರಿಜಾ ಒಳಗಿನಿಂದ ಬಂದು ಕಿಟಕಿ ಮುಚ್ಚಿ ಹೋಗುತ್ತಾಳೆ. ಯಾಕೆ ಎಂದು ನಿಮಗೆ ಹೇಳಬೇಕಾದರೆ ನಾನು ಮುಂಬಯಿ ಬಳಿಯ ನಮ್ಮ ಡೊಂಬಿವಲಿಯ ಒಂದು ಹಳೆಯ ಭಾನುವಾರಕ್ಕೆ ಹೋಗಬೇಕು.

ಅದಕ್ಕೂ ಮೊದಲು ಒಂದು ಮಾತು. ಗಾಡಿ ಕೈಕೊಡುವುದರಲ್ಲಿ ಎರಡು ಬಗೆ. ಕೀಲಿ ತಿರುಗಿಸಿದರೆ ಟಕ್ ಎಂದು ತೆಪ್ಪಗಾಗುವುದು ಒಂದು. ಅದು ಬ್ಯಾಟರಿಯ ಪಾಪ, ನಾಲ್ಕು ಜನ ತಳ್ಳಿದರೆ ಕಳೆಯುತ್ತದೆ. ಇನ್ನೊಂದು, ಸ್ಟಾರ್ಟರ್ ಹುರುಪಿನಿಂದ ತಿರುಗಿಯೂ ಎಂಜಿನ್ ಹಿಡಿಯದಿರುವುದು. ಮನುಷ್ಯನನ್ನು ಹಾಳು ಮಾಡುವುದು ಇದೇ, ಏಕೆಂದರೆ ಇದು ಆಸೆ ಹುಟ್ಟಿಸುತ್ತದೆ. ಪ್ರತಿ ಸಲವೂ ಇಗೋ ಹಿಡಿಯಿತು ಎನಿಸುತ್ತದೆ. ಒಂದು ಗಂಟೆ ಕಳೆದರೂ ಇನ್ನು ಐದೇ ನಿಮಿಷ ಎನಿಸುತ್ತದೆ.

ನನಗೆ ಈ ವಿದ್ಯೆ ಬಂದದ್ದು ಅಪ್ಪನಿಂದ. ಅಪ್ಪ ಅಂಬರನಾಥದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು, ಅವರ ಬಳಿ ಒಂದು ಸ್ಕೂಟರ್ ಇತ್ತು. ಅದನ್ನು ದಿನಾ ಬೆಳಿಗ್ಗೆ ಒಂದು ಮಗ್ಗುಲಿಗೆ ವಾಲಿಸಿ, ಎತ್ತಿ, ಇನ್ನೊಮ್ಮೆ ವಾಲಿಸಿ, ಆಮೇಲೆ ಕಿಕ್ ಹೊಡೆಯಬೇಕು. ಅಷ್ಟಕ್ಕೂ ಹಿಡಿಯದಿದ್ದರೆ ಅಪ್ಪ ತುಳುವಿನಲ್ಲಿ ಅದರ ವಂಶಾವಳಿ ತೆಗೆಯುತ್ತಿದ್ದರು. "ಎಂಜಿನ್‌ಗೆ ಬೇಕಾದದ್ದು ಮೂರೇ. ಕಿಡಿ, ಎಣ್ಣೆ, ಗಾಳಿ. ಒಂದೊಂದಾಗಿ ನೋಡ್ಬೇಕು" ಎನ್ನುವುದು ಅವರ ಪಾಠ. ಒಮ್ಮೆ ಬಿಚ್ಚಿದ ಪ್ಲಗ್ಗನ್ನು ವಯರು ಸಮೇತ ನನ್ನ ಕೈಗೆ ಕೊಟ್ಟು, ಗಟ್ಟಿ ಹಿಡಿದುಕೋ ಎಂದು ಕಿಕ್ ಹೊಡೆದರು. ನಾನು ಎರಡು ಅಡಿ ಹಾರಿ ಚರಂಡಿಯ ಅಂಚಿಗೆ ಬಿದ್ದೆ. ಅಪ್ಪ ನನ್ನ ಮುಖ ನೋಡಿ ಬಹಳ ತೃಪ್ತಿಯಿಂದ "ಕಿಡಿ ಉಂಟು" ಎಂದರು. ಆಗ ನನಗೆ ಒಂಬತ್ತು ವರ್ಷ.

ಅಪ್ಪ ತೀರಿಕೊಂಡ ಮೇಲೆ ಸ್ಕೂಟರ್ ಹೋಯಿತು, ಒಂದು ಹಳೇ ಪೆಟ್ರೋಲ್ ಕಾರು ಬಂತು. ನಾನಿದ್ದ ತುರ್ಭೆಯ ಕಾರ್ಖಾನೆಯ ಒಬ್ಬ ಸಾಹೇಬರು ವರ್ಗವಾಗಿ ಹೋಗುವಾಗ ನನ್ನ ತಲೆಗೆ ಕಟ್ಟಿದ್ದು. ಬಣ್ಣ ಬಿಳಿ ಎಂದು ಕಾಗದದಲ್ಲಿ ಬರೆದಿತ್ತು. ಆ ಕಾರ್ಖಾನೆಯಲ್ಲಿ ನನ್ನ ಕೆಲಸ ಕ್ವಾಲಿಟಿ ಕಂಟ್ರೋಲು, ಅಂದರೆ ದಿನಕ್ಕೆ ಎಂಟು ಗಂಟೆ ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದು. ಈ ಕೆಲಸ ಹತ್ತು ವರ್ಷ ಮಾಡಿದವನಿಗೆ ತನ್ನಲ್ಲೂ ತಪ್ಪು ಇರಬಹುದು ಎಂಬ ಅನುಮಾನವೇ ಬರುವುದಿಲ್ಲ. ಭಾನುವಾರ ಬಂತೆಂದರೆ ಬಾನೆಟ್ ಎತ್ತಿ ನಿಲ್ಲುತ್ತಿದ್ದೆ. ಹೋಗಿ ಬರುವವರು ಏನಾಯ್ತು ಎಂದು ಕೇಳಲಿ ಎಂದೇ ನಿಲ್ಲುತ್ತಿದ್ದೆ.

ಈಗ ಗಿರಿಜಾಳ ವಿಷಯಕ್ಕೆ ಬರುತ್ತೇನೆ. ಅವಳು ಗದಗಿನ ಕಡೆಯವಳು, ಬಿ.ಎಸ್ಸಿ., ಬಿ.ಎಡ್. ಮದುವೆಗೆ ಮೊದಲು ಅಲ್ಲಿ ಎರಡು ವರ್ಷ ವಿಜ್ಞಾನ ಕಲಿಸಿದ್ದಳು. ಇಲ್ಲಿಗೆ ಬಂದ ಮೇಲೆ ಮುಂದಿನ ವರ್ಷ ನೋಡೋಣ ಎಂದು ನಾನೇ ಎಂಟು ವರ್ಷ ಹೇಳಿದ್ದೆ. ಒಂದು ಸಲ ಠಾಣೆಯ ಶಾಲೆಯಿಂದ ಕರೆ ಬಂದಾಗ ಮಗಳಿಗೆ ಜ್ವರ. ಇನ್ನೊಂದು ಸಲ ಕಲ್ಯಾಣದಲ್ಲಿ ಇಂಟರ್‌ವ್ಯೂ ಇದ್ದ ದಿನವೇ ನಮ್ಮ ಕಡೆಯ ಹನ್ನೊಂದು ಜನ ಉಡುಪಿಯಿಂದ ಬಂದಿಳಿದರು. ಅವಳು ನೀರುದೋಸೆ ಹುಯ್ಯುತ್ತಾ ನಿಂತಳು, ಇಂಟರ್‌ವ್ಯೂ ಮುಗಿಯಿತು. ಅವತ್ತು ಅವಳು ಒಂದು ಮಾತೂ ಆಡಲಿಲ್ಲ, ನಾನೂ ಬಹಳ ಅನುಕೂಲವಾಗಿ ಸುಮ್ಮನಿದ್ದೆ.

ಮೂರನೆಯ ಕರೆ ಬಂದದ್ದು ನೆರೂಳದ ಒಂದು ಶಾಲೆಯಿಂದ. ಟ್ರಸ್ಟಿಗಳೆಲ್ಲ ವ್ಯಾಪಾರಸ್ಥರಾದ್ದರಿಂದ ಸಂದರ್ಶನ ಭಾನುವಾರ, ಹನ್ನೊಂದು ಗಂಟೆಗೆ ಸರಿಯಾಗಿ. ಆ ಶಾಲೆಯಲ್ಲಿ ಮೂವತ್ತೈದು ದಾಟಿದವರನ್ನು ಹೊಸದಾಗಿ ತೆಗೆದುಕೊಳ್ಳುತ್ತಿರಲಿಲ್ಲ. ಗಿರಿಜಾಳಿಗೆ ಮೂವತ್ತೈದು ತುಂಬಲು ಎರಡು ತಿಂಗಳಿತ್ತು. "ಇದು ತಪ್ಪಿದ್ರ ಮುಗೀತ್ರಿ" ಎಂದು ಅವಳು ಫೈಲಿಗೆ ಸರ್ಟಿಫಿಕೇಟು ಸೇರಿಸುತ್ತಾ ಹೇಳಿದಳು. ಬೆಳಿಗ್ಗೆ ಎಂಟೂ ಹತ್ತರ ಲೋಕಲ್ ಹಿಡಿಯುವುದು ಅವಳ ಯೋಜನೆ. ಠಾಣೆಯಿಂದ ನವಿ ಮುಂಬಯಿಗೆ ಆಗಷ್ಟೇ ಹೊಸ ಲೈನು ಶುರುವಾಗಿತ್ತು. ಭಾನುವಾರ ಒಂಬತ್ತೂವರೆಗೆ ನಮ್ಮ ಕಡೆಯ ಟ್ರೇನುಗಳೆಲ್ಲ ಹಳಿ ರಿಪೇರಿಯ ಮೆಗಾಬ್ಲಾಕಿಗೆ ನಿಲ್ಲುವುದರಿಂದ ಅದಕ್ಕೆ ಮೊದಲೇ ದಾಟಿಬಿಡಬೇಕು ಎಂದು ಲೆಕ್ಕ ಹಾಕಿದ್ದಳು. ನಾನು ಬಿಡಬೇಕಲ್ಲ. ಮನೆಯಲ್ಲಿ ಕಾರು ಇಟ್ಟುಕೊಂಡು ಲೋಕಲ್ ಯಾಕೆ, ರಾಣಿಯ ಹಾಗೆ ಶಾಲೆಯ ಗೇಟಿನ ತನಕ ಬಿಡುತ್ತೇನೆ ಎಂದೆ. ಹಿಂದಿನ ಎರಡು ಸಲದ ಪಾಪ ಇದರಲ್ಲಿ ತೊಳೆದುಹೋಗಲಿ ಎಂಬ ಆಸೆಯೂ ಇತ್ತು, ಸುಳ್ಳು ಯಾಕೆ ಹೇಳಲಿ.

ಆ ವರ್ಷ ನಮ್ಮ ಗೋಡೆಯ ಮೇಲೆ ಒಂದು ಜಗಳ ನಡೆದಿತ್ತು. ಇಲ್ಲಿನ ಮರಾಠಿ ಕ್ಯಾಲೆಂಡರಿನ ಪ್ರಕಾರ ದಸರಾ ಶನಿವಾರಕ್ಕೇ ಮುಗಿಯಿತು. ಅಮ್ಮ ಊರಿನಿಂದ ತರಿಸಿಕೊಳ್ಳುವ ಪಂಚಾಂಗದ ಪ್ರಕಾರ ಶನಿವಾರ ಆಯುಧಪೂಜೆ, ಭಾನುವಾರ ದಶಮಿ. ಕೆಳಗೆ ಅಂಗಳದಲ್ಲಿ ಮರಾಠಿಗರು ಗಾಡಿಗಳಿಗೆ ಚೆಂಡುಹೂವಿನ ಮಾಲೆ ಹಾಕಿ, ಆವತ್ತೇ ಹತ್ತಿ ತಿರುಗಾಡಿ ಬಂದರು. ನಮ್ಮಲ್ಲಿ ಹಾಗಲ್ಲ. ಪೂಜೆಗೆ ಇಟ್ಟದ್ದನ್ನು ಮರುದಿನ ಪುನಃಪೂಜೆ ಆಗುವ ತನಕ ಮುಟ್ಟುವಂತಿಲ್ಲ. ಅಮ್ಮ ಮೂರನೇ ಮಹಡಿಯ ನಮ್ಮ ಮನೆಯಲ್ಲಿ ಮಣೆಯ ಮೇಲೆ ಈಳಿಗೆಮಣೆ, ಕತ್ತರಿ, ನನ್ನ ಪೆನ್ನು, ಗಿರಿಜಾಳ ಹೊಲಿಗೆ ಯಂತ್ರದ ಬಾಬಿನ್, ಕಾರಿನ ಕೀಲಿ ಎಲ್ಲ ಸಾಲಾಗಿ ಇಟ್ಟು ಹೂವು ಏರಿಸಿದ್ದರು. "ನಾಳೆ ಒಂಬತ್ತೂವರೆಗೆ ಪೂಜೆ ಮುಗೀತದೆ. ಆಮೇಲೆ ಗಾಡಿ ತೆಗೆ, ಹನ್ನೊಂದಕ್ಕೆ ಮುಟ್ಟಲಿಕ್ಕೆ ಧಾರಾಳ ಆಯ್ತು. ಅದಕ್ಕಿಂತ ಮೊದಲು ಮಾತ್ರ ಬೇಡ ಮಾರಾಯ" ಎಂದರು. ನಾನು ಆಯ್ತಮ್ಮ ಎಂದೆ. ನನ್ನ ಬಳಿ ಇನ್ನೊಂದು ಕೀಲಿ ಇತ್ತು.

ಭಾನುವಾರ ಏಳೂವರೆಗೆ ನಾನು ಕೆಳಗಿಳಿದೆ. ಎಂಟಕ್ಕೆ ಹೊರಟರೆ ಶಿಳ್‌ಫಾಟಾದ ಲಾರಿಗಳ ಗದ್ದಲ ತಪ್ಪಿಸಿ ಹಾಯಾಗಿ ಹೋಗಬಹುದು ಎಂಬ ಆಲೋಚನೆ. ಅಮ್ಮ ಮಡಿಯುಟ್ಟು ಪಾರಾಯಣಕ್ಕೆ ಕೂತಿದ್ದರು. ಅದು ಮುಗಿಯುವ ತನಕ ಅವರು ಮಾತನಾಡುವುದಿಲ್ಲ, ಹಾಗಾಗಿ ಕದ್ದು ಇಳಿಯುವುದು ಸುಲಭವಾಯಿತು. ಕೀಲಿ ತಿರುಗಿಸಿದೆ. ಕುಂಯ್ ಕುಂಯ್ ಕುಂಯ್. ಇನ್ನೊಮ್ಮೆ ತಿರುಗಿಸಿದೆ. ಚೋಕ್ ಎಳೆದು ತಿರುಗಿಸಿದೆ, ಬಿಟ್ಟು ತಿರುಗಿಸಿದೆ. ಸ್ಟಾರ್ಟರಿನ ಉತ್ಸಾಹ ನೋಡಿದರೆ ಕಾರು ಮಂಗಳೂರಿಗೆ ಹೊರಟ ಹಾಗಿತ್ತು. ಎಂಜಿನ್ ಮಾತ್ರ ಕೆಮ್ಮಲೂ ಇಲ್ಲ.

ಎಂಟಕ್ಕೆ ಗಿರಿಜಾ ಇಳಿದು ಬಂದಳು. ನೀಲಿ ಇಳಕಲ್ ಸೀರೆ, ಎದೆಗವಚಿಕೊಂಡ ಫೈಲು.

"ಯಾಕ್ರಿ, ಚಾಲೂ ಆಗವಲ್ದೇನು?"

"ಐದು ನಿಮಿಷ. ಪೆಟ್ರೋಲಿನಲ್ಲಿ ಕಸ ಬಂದಿರಬೇಕು."

"ಎಂಟೂ ಹತ್ತರ ಗಾಡಿ ಸಿಗ್ತದ ಇನ್ನೂ. ನಾ ರಿಕ್ಷಾ ಹಿಡೀಲೇನು?"

"ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವಾ ನಿಂಗೆ?" ಎಂದೆ. ಇದು ಅನ್ಯಾಯದ ಪ್ರಶ್ನೆ. ಇದಕ್ಕೆ ಇಲ್ಲ ಎನ್ನಲು ಯಾವ ಹೆಂಡತಿಗೂ ಸಂಕೋಚವೇ. ಅವಳು ವಾಚು ನೋಡಿಕೊಂಡು ಮೆಟ್ಟಿಲ ಬಳಿ ನಿಂತಳು. ಎಂಟೂ ಹತ್ತು ಆಯಿತು. ದೂರದಲ್ಲಿ ಲೋಕಲಿನ ಹಾರ್ನ್ ಕೇಳಿದಾಗ ನಾವಿಬ್ಬರೂ ಕೇಳದವರ ಹಾಗೆ ಇದ್ದೆವು.

ಅಪ್ಪನ ಪಾಠದಲ್ಲಿ ಕಿಡಿ ಮೊದಲು. ನನಗೆ ಮಾತ್ರ ಹಿಂದಿನ ತಿಂಗಳು ಕಾರು ನಿಂತದ್ದು ಪೆಟ್ರೋಲಿನ ಕಸದಿಂದಲೇ ಎಂಬ ಜ್ಞಾನ ತಲೆಯಲ್ಲಿ ಕೂತಿತ್ತು. ಒಮ್ಮೆ ಸರಿಯಾಗಿ ಊಹಿಸಿದವನಷ್ಟು ಅಪಾಯಕಾರಿ ಮನುಷ್ಯ ಇನ್ನೊಬ್ಬನಿಲ್ಲ. ಕಾರ್ಬುರೇಟರಿಗೆ ಹೋಗುವ ರಬ್ಬರ್ ನಳಿಗೆ ಬಿಚ್ಚಿ ಬಾಯಿಂದ ಎಳೆದೆ. ಬಾಯಿ ತುಂಬ ಪೆಟ್ರೋಲ್ ಬಂತು, ಅಂದರೆ ಪೆಟ್ರೋಲಿಗೆ ಏನೂ ಆಗಿರಲಿಲ್ಲ. ಉಗಿದು, ಕಣ್ಣೀರು ಒರೆಸಿಕೊಂಡು, ಫಿಲ್ಟರ್ ಬಿಚ್ಚಿದೆ. ಅದೂ ಶುದ್ಧ. ಮತ್ತೆ ಕೀಲಿ ತಿರುಗಿಸಿದೆ. ಈ ಸಲ ಸ್ಟಾರ್ಟರಿನ ದನಿ ಒಂದು ಎಳೆ ಇಳಿದಿತ್ತು. ಬ್ಯಾಟರಿ ಸುಸ್ತಾಗುತ್ತಿದೆ ಎಂದು ತಿಳಿದು ಕೀಲಿಯಿಂದ ಕೈ ತೆಗೆದೆ. ತಲೆಯೆತ್ತಿದರೆ ಮೂರನೇ ಮಹಡಿಯ ಬಾಲ್ಕನಿಯಲ್ಲಿ ಅಮ್ಮ. ಪುಸ್ತಕ ಕೈಯಲ್ಲೇ ಇತ್ತು. ಇನ್ನೊಂದು ಕೈಯನ್ನು ಬೇಡ ಬೇಡ ಎಂದು ಜೋರಾಗಿ ಆಡಿಸಿದರು. ನಾನು ಚಿಕ್ಕಂದಿನಿಂದ ಮಾಡಿದ ಪ್ರತಿಯೊಂದಕ್ಕೂ ಅಮ್ಮ ಆ ಕೈ ಆಡಿಸಿದ್ದಾರೆ. ತಲೆ ತಗ್ಗಿಸಿ ಪ್ಲಗ್ ಬಿಚ್ಚತೊಡಗಿದೆ.

ನಾಲ್ಕೂ ಪ್ಲಗ್ಗು ಪೆಟ್ರೋಲಿನಲ್ಲಿ ನೆನೆದು ಒದ್ದೆಯಾಗಿದ್ದವು. ನನಗೆ ಸಂತೋಷವೇ ಆಯಿತು. ಎಂಜಿನ್ ಫ್ಲಡ್ ಆಗಿದೆ, ಪ್ಲಗ್ ಒಣಗಿಸಿದರೆ ಮುಗಿಯಿತು. ಪ್ಲಗ್ ಯಾಕೆ ಒದ್ದೆಯಾಯಿತು, ಅಷ್ಟು ಪೆಟ್ರೋಲ್ ಯಾಕೆ ಉರಿಯದೆ ಉಳಿಯಿತು ಎಂದು ಕೇಳಿಕೊಳ್ಳಲಿಲ್ಲ. ಕಾರ್ಖಾನೆಯಲ್ಲಿ ಹುಡುಗರು ಹೀಗೆ ಮಾಡಿದರೆ ನಾನು ಉಪನ್ಯಾಸ ಕೊಡುತ್ತೇನೆ. ನಮ್ಮ ಅಡುಗೆಮನೆ ಅವತ್ತು ಮಡಿ, ಆ ಒಲೆಯ ಮೇಲೆ ಪ್ಲಗ್ ಸುಡುವ ಮಾತೇ ಇಲ್ಲ. ನೆಲಮಹಡಿಯ ಸಾವಂತ ಕಾಕಾನ ಮನೆಗೆ ನುಗ್ಗಿದೆ. ಕಾಕಾ ಸರಕಾರಿ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದವರು. ಆಗ ಸ್ನಾನಕ್ಕೆ ಹೋಗಿದ್ದರು. ಅವರ ಹೆಂಡತಿ ಕಾಕೂ ಅವಲಕ್ಕಿಯ ಪೋಹೆ ಮಾಡುತ್ತಿದ್ದ ಬಾಣಲೆ ಇಳಿಸಿ, ಮೂಗು ಮುಚ್ಚಿಕೊಂಡು, ಒಲೆ ಬಿಟ್ಟುಕೊಟ್ಟರು. ನಾನು ಇಕ್ಕಳದಲ್ಲಿ ಪ್ಲಗ್ ಹಿಡಿದು, ತುದಿ ಕೆಂಪಗಾಗುವುದನ್ನೇ ನೋಡುತ್ತಾ ನಿಂತೆ. ನಡುವೆ ಗಿರಿಜಾ ಬಾಗಿಲಿಗೆ ಬಂದು ಏನೋ ಹೇಳಿದಳು. ಹ್ಞೂಂ ಎಂದೆ. ಸ್ವಲ್ಪ ತಡೆದು ಮತ್ತೊಮ್ಮೆ ಹೇಳಿದಳು. ಅದಕ್ಕೂ ಹ್ಞೂಂ ಎಂದೆ. ಮೂರನೇ ಪ್ಲಗ್ಗಿನ ಸರದಿಯಲ್ಲಿದ್ದೆ ನಾನು.

ಪ್ಲಗ್ ಕೂರಿಸಿ ಕೀಲಿ ತಿರುಗಿಸಿದರೆ ಮತ್ತದೇ ಕುಂಯ್ ಕುಂಯ್, ಈಗ ಇನ್ನೂ ನಿಧಾನ. ಗಂಟೆ ಒಂಬತ್ತೂ ಕಾಲು. ಸಾವಂತ ಕಾಕಾ ತಲೆ ಒರೆಸಿಕೊಳ್ಳುತ್ತಾ ಹೊರಗೆ ಬಂದರು.

"ಬಸ್ ಕರೋ ರಾವ್ ಸಾಹೇಬ್, ಬ್ಯಾಟರಿ ಮರ್ ಜಾಯೇಗಾ. ಕರಂಟ್ ದೇಖಾ ಕ್ಯಾ?"

"ಪೆಟ್ರೋಲ್ ದೇಖಾ, ಫಿಲ್ಟರ್ ದೇಖಾ..."

"ಮೈಂ ಕರಂಟ್ ಪೂಛಾ."

ಕಿಡಿ ಬರುತ್ತಿದೆಯೇ ಎಂದು ನಾನು ನೋಡಿರಲಿಲ್ಲ. ಕಾಕಾ ಟವೆಲನ್ನು ಹೆಗಲಿಗೆ ಹಾಕಿಕೊಂಡು ಒಂದು ಪ್ಲಗ್ಗಿನ ವಯರು ಕಿತ್ತು ಎಂಜಿನಿನ ಕಬ್ಬಿಣದ ಹತ್ತಿರ ಹಿಡಿದರು. ನಾನು ಕೀಲಿ ತಿರುಗಿಸಿದೆ. ಕಿಡಿ ಇಲ್ಲ. ಇನ್ನೊಂದು ವಯರಿಗೂ ಇಲ್ಲ. ಆಮೇಲೆ ಕಾಯಿಲಿನಿಂದ ಬರುವ ನಡುವಿನ ದಪ್ಪ ವಯರು ಕಿತ್ತು ಹಿಡಿದರು. ಟಪ್ ಟಪ್ ಎಂದು ನೀಲಿ ಕಿಡಿ ಹಾರಿತು. ಕಾಕಾ ನಕ್ಕರು. ಕಾಯಿಲ್ ತನಕ ಕಿಡಿ ಬಂದಿದೆ, ಪ್ಲಗ್ಗಿಗೆ ಹೋಗುತ್ತಿಲ್ಲ. ನಡುವೆ ಇರುವುದು ಒಂದೇ, ಕಿಡಿಯನ್ನು ನಾಲ್ಕು ಪ್ಲಗ್ಗಿಗೂ ಹಂಚುವ ಡಿಸ್ಟ್ರಿಬ್ಯೂಟರಿನ ಡಬ್ಬಿ. ಎರಡು ಕ್ಲಿಪ್ಪು ಸರಿಸಿ ಮುಚ್ಚಳ ಎತ್ತಿದರು. ಇಬ್ಬರೂ ಬಗ್ಗಿ ನೋಡಿದೆವು.

"ಅರೇ, ಇಥೇ ಕಾಹೀಚ್ ನಾಹೀ" ಎಂದರು ಕಾಕಾ.

ನಿಜವಾಗಿಯೂ ಅಲ್ಲಿ ಏನೂ ಇರಲಿಲ್ಲ. ಮುಚ್ಚಳದ ಕೆಳಗೆ ಗಿರ್ರನೆ ತಿರುಗಿ ಕಿಡಿ ಹಂಚಬೇಕಾದ ರೋಟರೇ ಮಾಯ. ಹೆಬ್ಬೆರಳಿನಷ್ಟು ದೊಡ್ಡ ಕಪ್ಪು ತುಂಡು ಅದು, ತಲೆಯ ಮೇಲೊಂದು ಹಿತ್ತಾಳೆ ಪಟ್ಟಿ. ಕಳ್ಳರು ಕಾರಿನ ಟೇಪ್ ರೆಕಾರ್ಡರ್ ಬಿಟ್ಟು ಅದನ್ನು ಯಾಕೆ ಒಯ್ಯುತ್ತಾರೆ ಎಂದು ಕಾಕಾ ಕೇಳಿದರು. ಆಗ ನನ್ನ ಕಣ್ಣೆದುರು ಬಂದದ್ದು ಕಳ್ಳನಲ್ಲ, ಒಂದು ವರ್ಷದ ಹಿಂದಿನ ನಾನೇ. ಬಾನೆಟ್ ಎತ್ತಿ, ಅಮ್ಮನ ಕೈಗೆ ಟಾರ್ಚು ಕೊಟ್ಟು, ಇದೇ ಮುಚ್ಚಳ ತೆಗೆದು ತೋರಿಸಿ, ಕೀಲಿಯಲ್ಲಿ ಏನೂ ಇಲ್ಲಮ್ಮ, ಕಾರಿನ ಜೀವ ಇರುವುದು ಇದರಲ್ಲಿ, ಇದನ್ನು ತೆಗೆದರೆ ಕಾರು ಬರೀ ತಗಡು ಎಂದು ಪಾಠ ಮಾಡಿದ್ದೆ. ಅಮ್ಮ ಬಹಳ ಗಮನವಿಟ್ಟು ಕೇಳಿದ್ದರು.

ಮೂರು ಮಹಡಿ ಹೇಗೆ ಹತ್ತಿದೆನೋ ತಿಳಿಯದು. ದೇವರ ಮುಂದೆ ಈಳಿಗೆಮಣೆಗೂ ಬಾಬಿನ್ನಿಗೂ ನಡುವೆ, ಗಂಧ ಕುಂಕುಮ ಹಚ್ಚಿಕೊಂಡು, ತಲೆಯ ಮೇಲೆ ಒಂದು ಅಬ್ಬಲಿಗೆ ಹೂವು ಇಟ್ಟುಕೊಂಡು ನನ್ನ ರೋಟರು ಕೂತಿತ್ತು. ಅಮ್ಮ ಆರತಿಯ ಬತ್ತಿ ಹೊಸೆಯುತ್ತಿದ್ದರು. ಪಾರಾಯಣ ಆಗಷ್ಟೇ ಮುಗಿದಿತ್ತು.

"ಅಮ್ಮ, ಇದು ಇಲ್ಲಿ ಹೇಗೆ ಬಂತು?"

"ನಿನ್ನೆ ಮಧ್ಯಾಹ್ನ ನೀನು ಮಲಗಿದ್ದಾಗ ತಂದೆ. ಕುಕ್ಕರಿನ ಮುಚ್ಚಳಕ್ಕಿಂತ ಸುಲಭ ಉಂಟು ಅದು. ಹೋದ ವರ್ಷ ಕೀಲಿ ಇಟ್ಟು ಪೂಜೆ ಮಾಡಿದ್ರೆ, ನೀನು ಕಳ್ಳ ಕೀಲಿ ಹಾಕಿ ತರಕಾರಿ ತರಲಿಕ್ಕೆ ಹೋಗಿದ್ದಿ. ನಂಗೆ ಗೊತ್ತಿಲ್ಲಾಂತ ಮಾಡಿದ್ಯಾ? ಜೀವವೇ ಮೇಲೆ ಬಂದ್ರೆ ಗಾಡಿ ಎಲ್ಲಿಗೆ ಹೋಗ್ತದೆ."

"ಗಿರಿಜಾಳ ಇಂಟರ್‌ವ್ಯೂ ಇದೆ ಅಂತ ಗೊತ್ತಿತ್ತಲ್ಲ ನಿಮಗೆ."

"ಗೊತ್ತುಂಟು. ಅವಳಿಗೇ ಹೇಳಿ ದೇವರಿಗೆ ದೀಪ ಹಚ್ಚಿಸಿದ್ದೇನೆ ಬೆಳಿಗ್ಗೆ. ಒಂಬತ್ತೂವರೆ ಅಂತ ನಾನು ನಿಂಗೆ ಹೇಳಿರ್ಲಿಲ್ವಾ? ಈಗ ಎಷ್ಟಾಯ್ತು ನೋಡು."

ಒಂಬತ್ತೂವರೆಗೆ ಎರಡು ನಿಮಿಷವಿತ್ತು. ಕೈ ಚಾಚಿದೆ, ಅಮ್ಮ ಕಣ್ಣು ಕೆಕ್ಕರಿಸಿದರು. ನಲವತ್ತರ ಗಂಡಸು, ಬಾಯಿಯಲ್ಲಿ ಪೆಟ್ರೋಲಿನ ವಾಸನೆ, ಕೈತುಂಬ ಮಸಿ, ಕಣ್ಣು ಗಡಿಯಾರದ ಮೇಲೆ, ಮಂಗಳಾರತಿ ಮುಗಿಯುವ ತನಕ ಕೈಮುಗಿದು ನಿಂತಿದ್ದೆ. ಅಷ್ಟು ಉದ್ದದ ಆರತಿಯನ್ನು ನಾನು ಜನ್ಮದಲ್ಲಿ ಕಂಡಿಲ್ಲ.

ಕೆಳಗೆ ಓಡಿ ಬಂದು ಅಂಗಿಯ ತುದಿಯಲ್ಲಿ ಕುಂಕುಮ ಒರೆಸಿ ರೋಟರ್ ಕೂರಿಸಿದೆ. ಕಾಕಾ ಮುಚ್ಚಳ ಹಾಕಿದರು. ಬ್ಯಾಟರಿಯಲ್ಲಿ ಉಳಿದಿದ್ದ ಕೊನೆಯ ಉಸಿರಿಗೆ ಎಂಜಿನ್ ಒಂದೇ ಸುತ್ತಿಗೆ ಹಿಡಿಯಿತು. ಆ ಸದ್ದಿಗೆ ನನ್ನ ಕಣ್ಣು ತುಂಬಿತು. ಇನ್ನೂ ಒಂಬತ್ತೂ ಮುಕ್ಕಾಲು. ಎಡಗಡೆಯ ಬಾಗಿಲು ತೆಗೆದು, ಬಾ ಗಿರಿಜಾ ಕೂತ್ಕೋ ಎಂದು ತಿರುಗಿದೆ. ಮೆಟ್ಟಿಲ ಬಳಿ ಯಾರೂ ಇರಲಿಲ್ಲ.

ಕಾಕೂ ಕಿಟಕಿಯಿಂದಲೇ ಹೇಳಿದರು. "ವಹಿನೀ ತರ ಕಧೀಚ್ ಗೇಲ್ಯಾ, ಆಗಲೇ ಹೋದ್ರು. ನಿಮಗೆ ಎರಡು ಸಲ ಹೇಳಿದ್ರಲ್ಲ, ನಾ ಹೊಂಟೆ ಅಂತ. ನೀವು ಹ್ಞೂಂ ಅಂದ್ರಿ." ಎಂಟು ವರ್ಷದ ನೆರೆಯಲ್ಲಿ ಕಾಕೂ ಅಷ್ಟು ಕನ್ನಡ ಕಲಿತಿದ್ದರು.

ನಾನು ಹೊರಟೆ. ಅವಳು ಯಾವಾಗ ಹೋದಳು, ಬ್ಲಾಕಿಗೆ ಮೊದಲಿನ ಟ್ರೇನು ಸಿಕ್ಕಿತೋ, ಸ್ಟೇಷನ್ನಿನಲ್ಲೇ ನಿಂತುಬಿಟ್ಟಳೋ, ಒಂದೂ ತಿಳಿಯದು. ನಮ್ಮಿಬ್ಬರಿಗೂ ಸೇರಿ ಇದ್ದ ಒಂದು ಮೊಬೈಲು ನನ್ನ ಜೇಬಿನಲ್ಲಿತ್ತು. ಶಿಳ್‌ಫಾಟಾದಲ್ಲಿ ಲಾರಿಗಳು ಸಾಲುಗಟ್ಟಿದ್ದವು. ಎಂಜಿನ್ ಆರಿಸಲು ಧೈರ್ಯವಿಲ್ಲದೆ ಎಕ್ಸಿಲರೇಟರ್ ತುಳಿಯುತ್ತಲೇ ಇದ್ದೆ. ಪ್ರತಿ ಬಸ್‌ಸ್ಟಾಪಿನಲ್ಲೂ ನೀಲಿ ಸೀರೆ ಹುಡುಕಿದೆ. ಮಹಾಪೆಯಲ್ಲಿ ಒಬ್ಬಳು ನೀಲಿ ಸೀರೆಯವಳು ಕಂಡಳು, ಗಾಡಿ ನಿಧಾನ ಮಾಡಿದೆ, ಅವಳಲ್ಲ. ತುರ್ಭೆಯಲ್ಲಿ ನಮ್ಮ ಕಾರ್ಖಾನೆಯ ಗೇಟು ದಾಟುವಾಗ ಹನ್ನೊಂದಕ್ಕೆ ಎಂಟು ನಿಮಿಷವಿತ್ತು. ಮೂರನೇ ಸಲವೂ ತಪ್ಪಿಸಿದೆನಲ್ಲ ಎಂದು ನನಗೆ ನಿಜವಾಗಿ ಭಯವಾಯಿತು. ಬೈದರೆ ಬೈಸಿಕೊಳ್ಳಬಹುದು. ನೀರುದೋಸೆಯ ದಿನದ ಹಾಗೆ ಅವಳು ಸುಮ್ಮನಿದ್ದುಬಿಟ್ಟರೆ ನಾನು ಏನು ಮಾಡಲಿ.

ನೆರೂಳದ ಶಾಲೆ ಮುಟ್ಟಿದಾಗ ಹನ್ನೊಂದೂ ಹತ್ತು. ವಾಚ್‌ಮನ್ ಒಳಗೆ ಬಿಡಲಿಲ್ಲ. ಬಹಳ ಜನ ಮೇಡಂಗಳು ಒಳಗಿದ್ದಾರೆ, ನೀಲಿಯವರು ಕೆಂಪಿನವರು ಎಂದು ತಾನು ಬರೆದುಕೊಂಡಿಲ್ಲ ಎಂದ. ಎಂಜಿನ್ ಚಾಲೂ ಇಟ್ಟುಕೊಂಡೇ ರಸ್ತೆಯ ಆಚೆ ಬದಿ ಕಾದೆ. ಒಬ್ಬೊಬ್ಬರಾಗಿ ಹೆಂಗಸರು ಹೊರಬಂದರು. ಹನ್ನೆರಡೂ ಇಪ್ಪತ್ತಕ್ಕೆ ಗಿರಿಜಾ ಬಂದಳು. ಬೆಳಿಗ್ಗೆ ಹಿಡಿದ ಹಾಗೇ ಎದೆಗೆ ಫೈಲು.

ನಾನು ರಸ್ತೆ ದಾಟಿ ಓಡಿದೆ. "ಸಿಕ್ತಾ ಟ್ರೇನು?"

"ಒಂಬತ್ತೂ ಐದರದು ಸಿಕ್ತು. ಹತ್ತೂ ಇಪ್ಪತ್ತಕ್ಕ ಇಲ್ಲಿದ್ದೆ. ಬಾಳೆಹಣ್ಣು ತಿಂದು ಕುಂತಿದ್ದೆ."

"ಮತ್ತೆ... ಒಳಗೆ?"

"ತಗೊಂಡ್ರು. ನಾಳಿಂದನಽ ಬರ್ರಿ ಅಂದ್ರು."

ನಡೆದದ್ದನ್ನೆಲ್ಲ ಹೇಳಿದೆ, ರೋಟರು, ಅಬ್ಬಲಿಗೆ ಹೂವು, ಆರತಿ. ಅವಳು ಗೇಟಿನ ಕಂಬ ಹಿಡಿದುಕೊಂಡು ನಕ್ಕಳು. "ಅತ್ತೀ ಮಾಡಿದ್ದು ಬರೋಬ್ಬರಿ ಅದ" ಎಂದಳು. ನಾನು ಕಾರಿನ ಬಾಗಿಲು ತೆಗೆದೆ. ಅವಳು ಹತ್ತಲಿಲ್ಲ.

"ನೀವು ನಡೀರಿ. ನಾ ಟ್ರೇನಿಗೆ ಬರ್ತೀನಿ. ದಿನಾ ಅದರಾಗ ಓಡಾಡಬೇಕು, ಹೊಳ್ಳಿ ಹೋಗಲಿಕ್ಕೆ ಎಷ್ಟು ಹೊತ್ತು ಬೇಕಂತ ನೋಡಬೇಕಲಾ. ಠಾಣೆ ಮುಟ್ಟೂದ್ರಾಗ ಬ್ಲಾಕೂ ಮುಗೀತದ."

"ಟಿಕೆಟಿಗೆ ಈಗ ಸಾಲು ಇರುತ್ತೆ."

ಅವಳು ಪರ್ಸು ತೆಗೆದು ತೋರಿಸಿದಳು. ಸ್ಟೇಷನ್ನಿನ ಯಂತ್ರದಲ್ಲಿ ಮುದ್ರೆ ಒತ್ತಿಸಿಕೊಳ್ಳುವ ರೈಲ್ವೆ ಕೂಪನ್ನಿನ ಪುಸ್ತಕ, ಮೊದಲ ಹಾಳೆ ಹರಿದದ್ದು. ಬೆಳಿಗ್ಗೆ ಅಷ್ಟು ಗಡಿಬಿಡಿಯಲ್ಲಿ ಇದನ್ನು ಎಲ್ಲಿ ಕೊಂಡೆ ಎಂದು ಕೇಳಿದೆ.

"ಮುಂಜಾನೆ ಅಲ್ರಿ. ನಿನ್ನೆ ಹೂ ತರಲಿಕ್ಕೆ ಹೋದಾಗ ತಗೊಂಡಿದ್ದೆ."

"ಹಾಗಾದರೆ ಎಂಟೂ ಹತ್ತಕ್ಕೇ ಹೋಗಬಹುದಿತ್ತಲ್ಲ. ಯಾಕೆ ನಿಂತೆ?"

ಗಿರಿಜಾ ಸೆರಗು ಸರಿಮಾಡಿಕೊಂಡು ನನ್ನ ಮುಖ ನೋಡಿದಳು. ಸಿಟ್ಟೇನೂ ಇರಲಿಲ್ಲ.

"ನೀವು ಅಷ್ಟು ಹುರುಪಿಲೆ ಬಿಡ್ತೀನಿ ಅಂದಿದ್ರಿ. ಎಂಟೂ ಮುಕ್ಕಾಲ್ ತನಾ ಟೈಮು ನಿಮಗ ಅಂತ ಇಟ್ಟಿದ್ದೆ. ಅದರ ಮ್ಯಾಲಿಂದು ನಂದು."

ಹಾಗೆಂದು ಫೈಲನ್ನು ಕಂಕುಳಿಗೆ ಸೇರಿಸಿಕೊಂಡು ಸ್ಟೇಷನ್ನಿನ ಕಡೆಗೆ ನಡೆದಳು.